ದಫ್ತರಿ ಕಾಕಾನ ಸ್ವಂತ ಫೈಲು

ಅವರ ಬಲಗೈ ತೋರುಬೆರಳಿನ ಗೆಣ್ಣಿನ ಹತ್ತಿರ ಒಂದು ಆಳವಾದ ಗೆರೆಯಿತ್ತು. ಚಾಕು ತಾಗಿದ ಗುರುತಲ್ಲ, ಹುಟ್ಟಿನಿಂದ ಬಂದದ್ದೂ ಅಲ್ಲ. ಮೂವತ್ತೈದು ವರ್ಷ ಮೇಣ ಹಚ್ಚಿದ ದಪ್ಪ ದಾರವನ್ನು ಅದೇ ಬೆರಳಿಗೆ ಸುತ್ತಿ, ಬಿಗಿಯಾಗಿ ಎಳೆದೆಳೆದು ಅಲ್ಲಿ ಚರ್ಮವೇ ತಗ್ಗುಬಿದ್ದಿತ್ತು. ಚಹಾದ ಲೋಟ ಹಿಡಿದಾಗ ಆ ಗೆರೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ನನ್ನ ಮಗಳು ಚಿಕ್ಕವಳಿದ್ದಾಗ ಅದರಲ್ಲಿ ತನ್ನ ಉಗುರು ಓಡಿಸಿ ಆಡುತ್ತಿದ್ದಳು. ಅವರು ಬೆರಳು ಚಾಚಿಕೊಂಡು ಸುಮ್ಮನೆ ಕೂತಿರುತ್ತಿದ್ದರು.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದಫ್ತರಿ ಎಂಬ ಹುದ್ದೆಯೊಂದಿತ್ತು. ಪ್ಯೂನ್‌ಗಿಂತ ಒಂದು ಮೆಟ್ಟಿಲು ಮೇಲೆ, ಗುಮಾಸ್ತರಿಗಿಂತ ಎಷ್ಟೋ ಮೆಟ್ಟಿಲು ಕೆಳಗೆ. ಹರಿದ ಫೈಲುಗಳನ್ನು ಹೊಲಿಯುವುದು, ಹಾಳೆಗಳಿಗೆ ತೂತು ಕೊರೆದು ಟ್ಯಾಗ್ ಹಾಕುವುದು, ಹಳೆಯ ಕಡತಗಳನ್ನು ಗಂಟು ಕಟ್ಟಿ ರೆಕಾರ್ಡ್ ರೂಮಿನಲ್ಲಿ ಜೋಡಿಸುವುದು ದಫ್ತರಿಯ ಕೆಲಸ. ಅವರು ತುಮಕೂರಿನ ಕಡೆಯಿಂದ ಏಳನೇ ಕ್ಲಾಸು ಮುಗಿಸಿ ದೆಹಲಿಗೆ ಬಂದವರು, ಹಾಗೇ ದಫ್ತರಿಯಾಗಿ ಸೇರಿ ದಫ್ತರಿಯಾಗಿಯೇ ನಿವೃತ್ತರಾದವರು. ನನ್ನ ಗಂಡನ ಸೆಕ್ಷನ್ನಿನಲ್ಲಿ ಕನ್ನಡ ಮಾತಾಡುತ್ತಿದ್ದವರು ಇವರಿಬ್ಬರೇ. ನಾನು ಮದುವೆಯಾಗಿ ಗದಗಿನಿಂದ ಬಂದ ಮೊದಲ ವಾರವೇ ಒಂದು ಕಟ್ಟು ಮೆಂತ್ಯಸೊಪ್ಪು ಹಿಡಿದುಕೊಂಡು ನಮ್ಮ ಕ್ವಾರ್ಟರ್ಸಿಗೆ ಬಂದಿದ್ದರು. ನಾನು "ಬರ್ರಿ ಕಾಕಾ" ಎಂದೆ.

"ಕಾಕಾ ಕಾಕಾ ಅಂದ್ರೆ ನಮ್ಮ ಕಡೆ ಕಾಗೆ ಕರೆದ ಹಾಗಾಗ್ತದೆ ತಾಯೀ" ಎಂದು ನಕ್ಕರು. ಆದರೂ ಆ ಹೆಸರೇ ನಿಂತಿತು.

ಕಾಗದವೆಂದರೆ ಅವರಿಗೆ ಜೀವ. ಕಡಲೆಕಾಯಿ ಕಟ್ಟಿಕೊಟ್ಟ ಹಾಳೆಯನ್ನೂ ನೆಟ್ಟಗೆ ಮಾಡಿ, ಓದಿ, ಮಡಚಿ ಜೇಬಿಗಿಡುತ್ತಿದ್ದರು. ಗುಂಡುಪಿನ್ನು ನೆಲದ ಮೇಲೆ ಬಿದ್ದಿದ್ದರೆ ಮಾತು ಅರ್ಧಕ್ಕೆ ನಿಲ್ಲಿಸಿ ಎತ್ತಿಕೊಳ್ಳುವರು. ಮನೆಗೆ ಬಂದಾಗೆಲ್ಲ ಅಂಗಿಯ ಒಳಜೇಬಿನಿಂದ ದಬ್ಬಣ ತೆಗೆದು ಮಗಳ ಬೈಂಡು ಕಿತ್ತ ಪಠ್ಯಪುಸ್ತಕ ಯಾವುದಾದರೂ ಇದೆಯೇ ಎಂದು ಕೇಳುವರು. ಇಲ್ಲವೆಂದರೆ ಅವರ ಮುಖ ಸಣ್ಣಗಾಗುತ್ತಿತ್ತು. ನಾನು ಎಷ್ಟೋ ಸಲ ಚೆನ್ನಾಗಿದ್ದ ಪುಸ್ತಕದ ಬೆನ್ನನ್ನೇ ಮೆಲ್ಲಗೆ ಕಿತ್ತು ಕೊಟ್ಟದ್ದುಂಟು.

"ಫೈಲು ಓದೋರು ಕಮ್ಮಿ ತಾಯೀ, ನೋಡೋರು ಜಾಸ್ತಿ. ನೋಡೋಕೆ ಲಕ್ಷಣವಾಗಿದ್ರೆ ಅರ್ಧ ಕೆಲಸ ಆದಂಗೇ" ಎಂಬುದು ಅವರು ಆಗಾಗ ಹೇಳುತ್ತಿದ್ದ ಮಾತು. ಕೊನೆಗೆ ಆ ಮಾತೇ ನಮ್ಮನ್ನು ಗುಂಡಿಗೆ ತಳ್ಳಿತು. ಅದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಕೌದಿ ಹೊಲಿಯುವವಳು. ನಮ್ಮವ್ವನಿಂದ ಬಂದ ವಿದ್ಯೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿಗೆ ಸಾಲಾಗಿ ಹೊಲಿಗೆ ಹಾಕುತ್ತ ಬರುವುದು. ದೆಹಲಿಯ ಚಳಿ ಮೂಳೆಗೆ ಇಳಿಯುವಂಥದ್ದು. ಮೊದಲು ಮನೆಯವರಿಗೆಂದು ಹೊಲಿದೆ. ಪಕ್ಕದ ಮನೆಯವರು ಕೇಳಿದರು, ಅವರ ತಂಗಿ ಕೇಳಿದಳು. ಮಗಳು ಕಾಲೇಜು ಸೇರುವ ಹೊತ್ತಿಗೆ ವರ್ಷಕ್ಕೆ ಇಪ್ಪತ್ತು ಕೌದಿ ಹೊಲಿಯುತ್ತಿದ್ದೆ. ಒಂದು ಮೇಳದಲ್ಲಿ ನನ್ನ ಕೌದಿ ನೋಡಿದ ಗುರುಗ್ರಾಮದ ದೊಡ್ಡ ಅಂಗಡಿಯವರು, ದೀಪಾವಳಿಗೆ ಮುಂಚೆ ನಲವತ್ತು ಬೇಕು ಎಂದರು. ಆದರೆ ಜಿಎಸ್‌ಟಿ ನಂಬರು ಇರುವ ಬಿಲ್ಲು ಬೇಕು. ತಿಂಗಳೊಳಗೆ ನಂಬರು ತೋರಿಸದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಕಡ್ಡಿ ಮುರಿದಂತೆ ಹೇಳಿದರು.

ನಂಬರು ಬೇಕೆನ್ನಿಸಿದ್ದು ನಲವತ್ತು ಕೌದಿಗಾಗಿ ಮಾತ್ರವಲ್ಲ. ನನ್ನ ಬಳಿ ಇದ್ದ ಸರ್ಕಾರಿ ಕಾಗದಗಳಲ್ಲೆಲ್ಲ ನಾನು ಇಂಥವರ ಹೆಂಡತಿ. ಆಸ್ಪತ್ರೆಯ ಕಾರ್ಡಿನಲ್ಲಿ ನನ್ನ ಫೋಟೋದ ಕೆಳಗೆ "ಅವಲಂಬಿತೆ" ಎಂದು ಅಚ್ಚಾಗಿದೆ. ಜ್ವರ ಬಂದಾಗೆಲ್ಲ ಅದನ್ನು ಕಿಟಕಿಯೊಳಗೆ ತೂರಿಸಿ ತೂರಿಸಿ ನನಗೆ ರೋಸಿಹೋಗಿತ್ತು. ನಾನು ಏನು ಮಾಡುತ್ತೇನೆ ಎಂಬುದನ್ನು ಒಪ್ಪಿಕೊಳ್ಳುವ ಒಂದು ಕಾಗದ, ನನ್ನೊಬ್ಬಳ ಹೆಸರಿನದು, ನನಗೆ ಬೇಕಾಗಿತ್ತು.

ಅರ್ಜಿ ಹಾಕಲು ವ್ಯಾಪಾರದ ವಿಳಾಸ ಬೇಕು. ನಾವಿದ್ದದ್ದು ಸರ್ಕಾರಿ ಕ್ವಾರ್ಟರ್ಸ್.

"ಕ್ವಾರ್ಟರ್ಸ್ ಅಡ್ರೆಸ್‌ನಲ್ಲಿ ವ್ಯಾಪಾರ ಅಂದ್ರೆ ನನ್ನ ಕೆಲಸಕ್ಕೇ ಸಂಚಕಾರ" ಎಂದರು ಇವರು. ಕಚೇರಿಗೆ ಹೆಂಡತಿ ವ್ಯಾಪಾರ ಮಾಡುತ್ತಾಳೆಂದು ಪತ್ರ ಬರೆದು ತಿಳಿಸಿದರು, ಅಷ್ಟರಮಟ್ಟಿಗೆ ಒಳ್ಳೆಯವರೇ. ಆದರೆ ವಿಳಾಸದ ವಿಷಯದಲ್ಲಿ ನಿಯಮ ನಿಯಮವೇ. ವಸಂತ್ ಕುಂಜ್‌ನಲ್ಲಿ ಸ್ವಂತ ಫ್ಲ್ಯಾಟ್ ಇದ್ದ ಒಬ್ಬರನ್ನು ಕೇಳಿದೆ. ಒಂದು ಕೋಣೆಯ ಉಪಯೋಗಕ್ಕೆ ಒಪ್ಪಿಗೆ ಪತ್ರ, ಒಂದು ಕರೆಂಟ್ ಬಿಲ್ಲಿನ ನಕಲು, ಅಷ್ಟೇ ಸಾಕು ಎಂದೆ. ಅವರು ಬಿಸಿಬಿಸಿ ಪೂರಿ ಬಡಿಸಿ, ಇನ್ನೊಂದು ಹಾಕಿಸಿಕೊಳ್ಳಿ ಎಂದು ಉಪಚಾರ ಮಾಡಿ, "ಯೋಚನೆ ಮಾಡಿ ಹೇಳ್ತೀವಿ" ಎಂದರು. ಇನ್ನೂ ಯೋಚನೆ ಮಾಡುತ್ತಿದ್ದಾರೆ. ದೆಹಲಿಯಲ್ಲಿ ಮನೆಗೆ ಕರೆದು ಊಟ ಹಾಕುವವರು ಬೇಕಾದಷ್ಟು ಜನ ಸಿಗುತ್ತಾರೆ, ಕರೆಂಟ್ ಬಿಲ್ಲು ಕೊಡುವವರು ಸಿಗುವುದಿಲ್ಲ. ಕೊಟ್ಟ ಮನೆ ಕೈತಪ್ಪಿ ಹೋದೀತೆಂಬ ಭಯ ಎಲ್ಲರಿಗೂ.

ಕಾಕಾ ಆ ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ನಾನು ಪೂರಿಯ ಕಥೆ ಹೇಳಿ ಗೊಣಗಿದೆ. ಅವರು ಮಜ್ಜಿಗೆ ಕುಡಿದು ಹೊರಟುಹೋದರು. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತಮ್ಮ ಮಯೂರ್ ವಿಹಾರದ ಮನೆಯ ಕರೆಂಟ್ ಬಿಲ್ಲು, ಅದರ ಮೂರು ಜೆರಾಕ್ಸು.

ಆ ಮನೆ, ಸರ್ಕಾರ ಕಟ್ಟಿಸಿ ಮಾರಿದ ಫ್ಲ್ಯಾಟುಗಳಿಗೆ ಲಾಟರಿ ಎತ್ತಿದಾಗ ಅವರು ಕೊಂಡ ಸ್ವಂತದ್ದು. ನೆಲಮಹಡಿಯಲ್ಲಿ ಎರಡೇ ಕೋಣೆ. ಹೆಂಡತಿ ತೀರಿಹೋಗಿದ್ದರು, ಮಗಳು ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡು ಅಲ್ಲೇ ಸಂಸಾರ ಹೂಡಿದ್ದಳು. ಆ ಮನೆಯೊಂದೇ ಅವರ ಆಸ್ತಿ.

"ಮುಂದಿನ ರೂಮು ನಿಂದು. ಚಲೋ, ಎಲ್ಲಿ ಸೈನ್ ಹಾಕ್ಬೇಕು ಹೇಳು" ಎಂದರು.

"ಕಾಕಾ, ಮಗಳನ್ನ ಒಂದು ಮಾತು ಕೇಳ್ರಿ."

"ಕೇಳಿದೆ. ಪಪ್ಪಾ, ಆ ರೂಮಲ್ಲಿ ನೀವು ಒಬ್ರೇ ಗೋಡೆ ಹತ್ರ ಮಾತಾಡ್ತಿರ್ತೀರಿ, ಆಂಟಿ ಬಂದ್ರೆ ಅಚ್ಛಾನೇ ಆಯ್ತಲ್ಲ ಅಂದ್ಳು."

ಬಾಡಿಗೆಯ ಮಾತೆತ್ತಿದ್ದಕ್ಕೆ ಎದ್ದು ಹೊರಟೇಬಿಟ್ಟರು. ಮತ್ತೆ ಕರೆದು ಕೂರಿಸಲು ಎರಡು ಲೋಟ ಚಹಾ ಬೇಕಾಯಿತು.

ಈಗಿನ ಅರ್ಜಿಯಲ್ಲಿ ಕಾಗದವೇ ಇಲ್ಲ, ಎಲ್ಲ ಕಂಪ್ಯೂಟರಿನಲ್ಲಿ. ನಾನು ಮಗಳ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಪ್ಯಾನ್, ಆಧಾರ್, ಫೋಟೋ, ಕಾಕಾ ಸಹಿ ಮಾಡಿದ ಒಪ್ಪಿಗೆ ಪತ್ರ ಒಂದೊಂದಾಗಿ ಏರಿಸಿದೆ. ವ್ಯಾಪಾರಕ್ಕೆ ಏನು ಹೆಸರು ಎಂದು ಕೇಳಿದ ಕಡೆ ನಾನು ತಡವರಿಸಿದಾಗ ಕಾಕಾ, "ಇಷ್ಟು ವರ್ಷ ಗಂಡನ ಹೆಸರಲ್ಲಿ ಫೈಲು ಓಡಿತು. ಇದು ನಿನ್ನ ಹೆಸರಲ್ಲೇ ಓಡ್ಲಿ" ಎಂದರು. ನನ್ನ ಹೆಸರನ್ನೇ ಹಾಕಿದೆ.

ಕಾಗದವಿಲ್ಲದ ಅರ್ಜಿ ಎಂಬುದನ್ನು ಮಾತ್ರ ಅವರು ಒಪ್ಪಲಿಲ್ಲ. "ಫೈಲಿಲ್ಲದೆ ಕೇಸು ಹೆಂಗೆ ನಡೀತದೆ?" ಎಂದು ಏರಿಸಿದ ಒಂದೊಂದು ಪತ್ರದ ನಕಲನ್ನೂ ತೆಗೆದು, ಬಲಮೂಲೆಯಲ್ಲಿ ಪುಟದ ಅಂಕಿ ಬರೆದು, ಮೂರು ತೂತು ಕೊರೆದು, ರಟ್ಟಿನ ಹೊದಿಕೆ ಹಾಕಿ ಹೊಲಿದರು. ಎಡಗಡೆಗೆ ಹಸಿರು ಹಾಳೆಗಳು. ಸರ್ಕಾರಿ ಫೈಲಿನಲ್ಲಿ ಪತ್ರಗಳು ಬಲಕ್ಕಿದ್ದರೆ, ಎಡಕ್ಕೆ ಹಸಿರು ಹಾಳೆಗಳ ಮೇಲೆ ಟಿಪ್ಪಣಿ, ಅಂದರೆ ನೋಟು, ಬರೆಯುತ್ತಾರೆ: ಗುಮಾಸ್ತರು ಬರೆದು ಸಹಿ ಹಾಕುತ್ತಾರೆ, ಅದರ ಕೆಳಗೆ ಅವರ ಮೇಲಿನವರು, ಅದರ ಕೆಳಗೆ ಇನ್ನೂ ಮೇಲಿನವರು. ಆ ಹಸಿರು ಹಾಳೆಯನ್ನು ಕಾಕಾ ಲಕ್ಷಗಟ್ಟಲೆ ಹೊಲಿದಿದ್ದರು, ಒಂದರ ಮೇಲೂ ಒಂದಕ್ಷರ ಬರೆಯುವ ಅಧಿಕಾರ ಅವರಿಗಿರಲಿಲ್ಲ. ಈಗ ಪೆನ್ನಿನ ಮುಚ್ಚಳ ತೆಗೆದು, ಹಾಳೆಯನ್ನು ಅಂಗೈಯಿಂದ ಸವರಿ ನೆಟ್ಟಗೆ ಮಾಡಿದರು. ಆಮೇಲೆ ಏಳನೇ ಕ್ಲಾಸಿನ ದುಂಡು ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದರು:

"ಈ ದಿನ ಅರ್ಜಿ ಹಾಕಲಾಯಿತು. ಒಟಿಪಿ ಮೂರು ಸಲ ಬಂತು. ಎರಡು ಸಲ ಕನ್ನಡಕ ಹುಡುಕುವಷ್ಟರಲ್ಲಿ ಹೋಯಿತು. ಮೂರನೇದು ಸಿಕ್ಕಿತು."

ಕೆಳಗೆ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿದರು. "ನೀನೂ ಹಾಕು. ಇಬ್ರೂ ಹಾಕಿದ್ರೇನೇ ಅದು ನೋಟು." ಹಾಕಿದೆ. ನನಗೆ ನಗು ಬರುತ್ತಿತ್ತು, ಅವರ ಮುಖ ನೋಡಿ ತಡೆದುಕೊಂಡೆ.

ಮೊದಲ ಹತ್ತು ದಿನ ಆ ಕೋಣೆಯಲ್ಲಿ ಕೆಲಸ ಭರದಿಂದ ಸಾಗಿತು. ಮೆಟ್ರೋದಲ್ಲಿ ಸೀರೆಗಳ ಗಂಟು ಹೊತ್ತು ಬರುತ್ತಿದ್ದೆ. ನೆಲದ ತುಂಬ ಚಿಂದಿ, ಕಿಟಕಿಯ ಸರಳಿಗೆಲ್ಲ ದಾರ. ಕಾಕಾ ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತು ತುಂಡುಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ಗಂಟು ಕಟ್ಟಿ, ಗಂಟಿಗೊಂದು ಚೀಟಿ ಅಂಟಿಸುತ್ತಿದ್ದರು. ಅಷ್ಟರಲ್ಲಿ ಫೋನು ಬಂತು. ತೆರಿಗೆ ಇಲಾಖೆಯ ಇನ್ಸ್‌ಪೆಕ್ಟರು ಗುರುವಾರ ಸ್ಥಳ ನೋಡಲು ಬರುತ್ತಾರೆ.

ಇನ್ಸ್‌ಪೆಕ್ಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾಕಾ ಇಪ್ಪತ್ತು ವರ್ಷ ಚಿಕ್ಕವರಾದರು. ಅವರ ಕಚೇರಿಯಲ್ಲಿ ದೊಡ್ಡ ಸಾಹೇಬರು ತಪಾಸಣೆಗೆ ಬರುತ್ತಾರೆಂದರೆ ಹಿಂದಿನ ದಿನವೇ ಮೇಜಿನ ಮೇಲಿನ ಫೈಲುಗಳನ್ನೆಲ್ಲ ಬೀರುವಿನೊಳಗೆ ತುರುಕುತ್ತಿದ್ದರಂತೆ. ಮೇಜು ಖಾಲಿ ಇದ್ದರೆ ಕೆಲಸ ಬಾಕಿಯಿಲ್ಲ ಎಂದರ್ಥ. ತುರುಕುವುದರಲ್ಲಿ ಕಾಕಾನಷ್ಟು ನಿಪುಣರು ಇಡೀ ಮಹಡಿಯಲ್ಲಿ ಇರಲಿಲ್ಲವೆಂದು ನಮ್ಮವರೇ ಹೇಳುತ್ತಾರೆ.

"ಒಂದು ಚಿಂದಿ ಕಾಣಬಾರದು ತಾಯೀ" ಎಂದರು.

ನಾನಾದರೂ ಬುದ್ಧಿ ಹೇಳಬಹುದಿತ್ತು. ಆದರೆ ಮನೆಗೆ ಹೊರಗಿನವರು ಬರುತ್ತಾರೆಂದರೆ ನನಗೂ ಒಂದು ರೋಗ. ನಮ್ಮವ್ವ ಬೀಗರು ಬರುತ್ತಾರೆಂದರೆ ಅಟ್ಟದ ಮೇಲಿನ ಕೊಪ್ಪರಿಗೆಯನ್ನೂ ಇಳಿಸಿ ತಿಕ್ಕುತ್ತಿದ್ದಳು. ಬುಧವಾರ ಇಡೀ ದಿನ ನಾವಿಬ್ಬರೂ ಆ ಕೋಣೆಯನ್ನು ಗುಡಿಸಿ ಒರೆಸಿದೆವು. ಸಿದ್ಧವಾಗಿದ್ದ ಕೌದಿಗಳು, ಅರ್ಧ ಹೊಲಿದವು, ಸೀರೆಯ ಗಂಟುಗಳು ಎಲ್ಲವೂ ಕಾಕಾನ ಬಾಕ್ಸ್ ಮಂಚದ ಹೊಟ್ಟೆಯೊಳಗೆ ಹೋದವು. ಹೊಲಿಗೆ ಯಂತ್ರದ ಮೇಲೆ ಕಸೂತಿಯ ಬಟ್ಟೆ ಹಾಸಿ ಹೂದಾನಿ ಇಟ್ಟೆ. ಮಂಚದ ಮೇಲೆ ಇರಲಿ ಎಂದು ಒಂದು ಒಳ್ಳೆಯ ಕೌದಿಯನ್ನು ಹಾಸಿದೆ. ಗುರುವಾರ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ಉಪ್ಪಿಟ್ಟು, ಕೇಸರಿಬಾತು ಮಾಡಲು ಅಡುಗೆಮನೆ ಸೇರಿದೆ.

ಇನ್ಸ್‌ಪೆಕ್ಟರು ನಡುವಯಸ್ಸಿನವರು, ಮಿತಭಾಷಿ. ಕೌದಿಯ ಮೇಲೆ ಕೂತು, ಸುತ್ತ ನೋಡಿ, ವ್ಯಾಪಾರ ಎಲ್ಲಿ ನಡೆಯುತ್ತದೆ ಎಂದು ಕೇಳಿದರು. ಒಲೆಯ ಮುಂದಿದ್ದ ನನಗೆ ಕೇಳಿಸಿತು. ನಾನು ಬಾಯಿ ತೆರೆಯುವ ಮುಂಚೆಯೇ ಕಾಕಾ ಎದ್ದು ನಿಂತು, ಮೂವತ್ತೈದು ವರ್ಷ ಅಭ್ಯಾಸವಾಗಿದ್ದ ಉತ್ತರವನ್ನು ಕೊಟ್ಟುಬಿಟ್ಟರು:

"ಸಬ್ ಕ್ಲಿಯರ್ ಹೈ ಸಾಬ್! ಕುಛ್ ಪೆಂಡಿಂಗ್ ನಹೀಂ!"

ಎಲ್ಲ ಮುಗಿದಿದೆ, ಏನೂ ಬಾಕಿಯಿಲ್ಲ. ಇನ್ಸ್‌ಪೆಕ್ಟರು ತಲೆಯಾಡಿಸಿ ಫೋನಿನಲ್ಲಿ ನಾಲ್ಕು ಫೋಟೋ ತೆಗೆದುಕೊಂಡರು. ಎರಡು ಚಮಚ ಉಪ್ಪಿಟ್ಟು ತಿಂದು, ಹೊರಡುವಾಗ "ಬಹುತ್ ಸಾಫ್ ಘರ್ ಹೈ" ಎಂದರು. ಮನೆ ಎಷ್ಟು ಶುಭ್ರವಾಗಿದೆ ಎಂದು ಹೊಗಳಿದರಲ್ಲ ಎಂದು ನಾವಿಬ್ಬರೂ ಉಬ್ಬಿಹೋದೆವು. ಉಳಿದ ಕೇಸರಿಬಾತನ್ನು ಹಂಚಿಕೊಂಡು ತಿಂದೆವು. ಕಾಕಾ ಹಸಿರು ಹಾಳೆಯಲ್ಲಿ "ತಪಾಸಣೆ ಸುಸೂತ್ರ" ಎಂದು ಬರೆದರು.

ಸೋಮವಾರ ನೋಟಿಸು ಬಂತು. ಆ ವಿಳಾಸದಲ್ಲಿ ಯಾವುದೇ ವ್ಯಾಪಾರ ನಡೆಯುತ್ತಿರುವುದು ಕಂಡುಬಂದಿಲ್ಲ. ಏಳು ಕೆಲಸದ ದಿನಗಳಲ್ಲಿ ಉತ್ತರ ಕೊಡದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಅಂಗಡಿಯವರು ಕೊಟ್ಟ ತಿಂಗಳಲ್ಲಿ ಉಳಿದಿದ್ದದ್ದು ಹನ್ನೊಂದು ದಿನ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ, ಕಾಕಾನ ಮೇಲೆಯೇ. ಫೋನಿನಲ್ಲಿ ನೋಟಿಸು ಓದಿ ಹೇಳಿ, "ಎಲ್ಲಾ ಕ್ಲಿಯರ್ ಅಂತ ಯಾಕ್ ಹೇಳಿದ್ರಿ ಕಾಕಾ? ಈಗ ಎಲ್ಲಾ ಕ್ಲಿಯರ್ ಆಗೇ ಹೋತಲ್ಲ!" ಎಂದು ಒದರಿದೆ. ಹೂದಾನಿ ಇಟ್ಟವಳು ನಾನೇ ಎಂಬುದು ಫೋನು ಇಟ್ಟ ಮೇಲೆ ನೆನಪಾಯಿತು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಮರುದಿನ ಬೆಳಿಗ್ಗೆ ಮಯೂರ್ ವಿಹಾರಕ್ಕೆ ಓಡಿದೆ. ಅವರು ಕುರ್ಚಿಯಲ್ಲಿ ಕೂತಿದ್ದರು, ಮಡಿಲಲ್ಲಿ ಫೈಲು. ಹಸಿರು ಹಾಳೆಯ ಮೇಲೆ "ತಪಾಸಣೆ ಸುಸೂತ್ರ" ಎಂಬುದನ್ನು ಹೊಡೆದುಹಾಕಿರಲಿಲ್ಲ. ಸರ್ಕಾರಿ ಫೈಲಿನಲ್ಲಿ ಬರೆದದ್ದನ್ನು ಹೊಡೆಯಬಾರದು. ಅದರ ಕೆಳಗೆ ಹೊಸದಾಗಿ ಬರೆದಿದ್ದರು: "ಮೇಲಿನ ಟಿಪ್ಪಣಿ ತಪ್ಪು. ಮೇಜು ಖಾಲಿ ಮಾಡಿಸಿದ್ದು ನಾನು. ಅರ್ಜಿದಾರರ ದೋಷವಿಲ್ಲ."

"ಸೈನ್ ಹಾಕು" ಎಂದರು, ನನ್ನ ಮುಖ ನೋಡದೆ.

"ನಾ ಹಾಕಂಗಿಲ್ರಿ. ಇದು ಸುಳ್ಳು. ನಾನೂ ಗುಡಿಸೀನಿ."

ಅವರ ಕಣ್ಣು ತುಂಬಿತ್ತು. "ಜೀವಮಾನವೆಲ್ಲ ಖಾಲಿ ಮೇಜು ತೋರಿಸಿ ಅನ್ನ ತಿಂದೋನು ತಾಯೀ ನಾನು. ತುಂಬಿದ ಮೇಜು ತೋರಿಸೋ ಕೆಲಸಾನೂ ಇರ್ತದೆ ಅಂತ ನಂಗೆ ಗೊತ್ತಾಗ್ಲಿಲ್ಲ" ಎಂದರು. ಅವರು ಅಷ್ಟು ಕುಗ್ಗಿದ್ದನ್ನು ನಾನು ನೋಡಿರಲಿಲ್ಲ. ನಾನೂ ಅತ್ತುಬಿಟ್ಟೆ. ಆಮೇಲೆ ಪೆನ್ನು ಇಸಕೊಂಡು ಕೆಳಗೆ "ನಾನೂ ಗುಡಿಸಿದ್ದೇನೆ" ಎಂದು ಬರೆದು ಸಹಿ ಹಾಕಿದೆ.

ಮಂಚದ ಹೊಟ್ಟೆ ತೆರೆದು ಎಲ್ಲವನ್ನೂ ಹೊರಗೆಳೆದು, ಫೋಟೋ ತೆಗೆದು, ಮತ್ತೊಮ್ಮೆ ಬಂದು ನೋಡಬೇಕೆಂದು ಕಂಪ್ಯೂಟರಿನಲ್ಲಿ ಉತ್ತರ ಕಳಿಸಿದೆ. ಎರಡು ದಿನ ಏನೂ ಸುದ್ದಿಯಿಲ್ಲ. ಮೂರನೇ ದಿನ ಕಾಕಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇನ್ಸ್‌ಪೆಕ್ಟರು ಕೂತಿದ್ದ ಅದೇ ಕೌದಿಯನ್ನು ಮಡಚಿ ಬಗಲಲ್ಲಿಟ್ಟುಕೊಂಡು ತೆರಿಗೆ ಕಚೇರಿಗೆ ಹೊರಟರು. ನಾನು ಬೇಡವೆಂದೆ, ಎಲ್ಲ ಆನ್‌ಲೈನ್ ಎಂದೆ. "ಆನ್‌ಲೈನ್ ನಡೆಸೋದೂ ಮನುಷ್ಯರೇ. ಅವರಿಗೂ ಬಾಗಿಲಿರ್ತದೆ, ಅದರಿಂದ ಹೊರಗೆ ಬರ್ಲೇಬೇಕಲ್ಲ" ಎಂದರು. ನಾನೂ ಹಿಂದೆ ಹೋದೆ.

ಒಳಗೆ ಬಿಡಲಿಲ್ಲ. ಹೊರಗೆ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಕೂತರು. ಮೊದಲ ದಿನ ಇನ್ಸ್‌ಪೆಕ್ಟರು ಕಾಣಲಿಲ್ಲ. ಎರಡನೇ ದಿನವೂ ಇಲ್ಲ. ನನಗೆ ಕೂತು ಕೂತು ಬೆನ್ನು ಬಿದ್ದುಹೋಯಿತು. ಅವರು ಮಾತ್ರ ನೆಟ್ಟಗೆ ಕೂತು, ಹೋಗಿ ಬರುವವರ ಕೈಯಲ್ಲಿದ್ದ ಫೈಲುಗಳನ್ನು ನೋಡಿ "ಛೀ, ಏನು ಟ್ಯಾಗ್ ಹಾಕವ್ರೆ" ಎಂದು ಮುಖ ಸಿಂಡರಿಸುತ್ತಿದ್ದರು. ಮೂರನೇ ದಿನ ಊಟದ ಹೊತ್ತಿಗೆ ಇನ್ಸ್‌ಪೆಕ್ಟರು ಹೊರಬಂದರು. ಕಾಕಾ ಎದ್ದುಹೋಗಿ ಕೌದಿಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದರು.

"ಸಾಬ್, ಉಸ್ ದಿನ್ ಆಪ್ ಮಾಲ್ ಕೇ ಊಪರ್ ಹೀ ಬೈಠೇ ಥೇ."

ಸಾಹೇಬರೇ, ಅವತ್ತು ತಾವು ಕೂತಿದ್ದದ್ದೇ ಸರಕಿನ ಮೇಲೆ. ಇನ್ಸ್‌ಪೆಕ್ಟರು ಒಂದು ಕ್ಷಣ ಅವರನ್ನು, ಕೌದಿಯನ್ನು, ನನ್ನನ್ನು ನೋಡಿದರು. ಗುರುತು ಹತ್ತಿತು. ಮಿತಭಾಷಿ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ, ಉತ್ತರ ಬಂದಿದೆ, ನೋಡಿದ್ದೇನೆ, ನಾಳೆ ಬರುತ್ತೇನೆ ಎಂದರು. ಆಮೇಲೆ ಕಾಕಾನ ಕಡೆ ಬೆರಳು ತೋರಿಸಿ, "ಇಸ್ ಬಾರ್ ಸಫಾಯಿ ಮತ್ ಕರನಾ" ಎಂದು ಎಚ್ಚರಿಸಿದರು. ಈ ಸಲ ಗುಡಿಸಬೇಡಿ.

ಗುಡಿಸಲಿಲ್ಲ. ಮರುದಿನ ಅವರು ಬಂದಾಗ ಕೂರಲು ಜಾಗವಿರಲಿಲ್ಲ. ನಾನು ನೆಲದ ಮೇಲೆ ಕೌದಿ ಹಾಸಿಕೊಂಡು ನಡುವಿನ ಸಾಲು ಹೊಲಿಯುತ್ತಿದ್ದೆ. ಇನ್ನೊಂದು ಅಂಚು ಹಿಡಿದು ಕಾಕಾ ತಮ್ಮ ಫೈಲಿನ ದಬ್ಬಣದಿಂದ ಹೊಲಿಯುತ್ತಿದ್ದರು. ಅವರ ಹೊಲಿಗೆ ನನ್ನದಕ್ಕಿಂತ ನೇರ. ಇನ್ಸ್‌ಪೆಕ್ಟರು ನಿಂತೇ ಫೋಟೋ ತೆಗೆದರು. ಸರ್ಕಾರದ ಯಾವುದೋ ಕಂಪ್ಯೂಟರಿನಲ್ಲಿ ಈಗಲೂ ಆ ಫೋಟೋ ಇರಬೇಕು: ನಾನು, ಚಿಂದಿ, ಹಲ್ಲಲ್ಲಿ ದಾರ ಕಚ್ಚಿಕೊಂಡಿರುವ ಕಾಕಾ.

ಅಂಗಡಿಯವರ ಗಡುವಿಗೆ ಒಂದು ದಿನ ಮುಂಚೆ ನಂಬರು ಬಂತು. ಹದಿನೈದು ಅಕ್ಷರ, ಮೊದಲೆರಡು ದೆಹಲಿಯವು, ಅದರ ಮುಂದಿನ ಹತ್ತು ನನ್ನ ಪ್ಯಾನ್ ಕಾರ್ಡಿನವು. ಪ್ರಮಾಣಪತ್ರದಲ್ಲಿ ನನ್ನ ಹೆಸರಿತ್ತು. ಯಾರ ಹೆಂಡತಿ ಎಂದಿರಲಿಲ್ಲ. ಅದನ್ನು ಮೂರು ಸಲ ಓದಿದೆ. ಕಾಕಾ ಆ ನಂಬರನ್ನು ಅರ್ಧ ದಿನದಲ್ಲಿ ಬಾಯಿಪಾಠ ಮಾಡಿದರು, ತರಕಾರಿಯ ಭಯ್ಯಾನಿಗೂ ಒಪ್ಪಿಸಿದರು. ಬಾಗಿಲಿಗೆ ಬೋರ್ಡು ಹಾಕಬೇಕೆಂಬ ನಿಯಮವಿದೆ ಎಂದಾಗ ತಾವೇ ರಟ್ಟು ಕತ್ತರಿಸಿ, ಬರೆದು, ಅಂಚಿಗೆ ಹೊಲಿಗೆ ಹಾಕಿ ತೂಗುಬಿಟ್ಟರು. ಬೋರ್ಡಿಗೆ ಹೊಲಿಗೆ ಯಾಕೆ ಎಂದರೆ, "ಗಾಳಿಗೆ ಹಾಳೆ ಬಿಚ್ಚಬಾರದಲ್ಲ" ಎಂದರು.

ಆರು ವರ್ಷ ಆ ಕೋಣೆಯಲ್ಲಿ ಕೂಡಿ ಕೆಲಸ ಮಾಡಿದೆವು. ಕೌದಿ ಮುಗಿಯುವಾಗ ಕೊನೆಯ ಮೂಲೆ ಮುಚ್ಚುವ ಮುಂಚೆ ನಾಲ್ಕು ಕಾಳು ಅಕ್ಕಿ ಒಳಗಿಡುವುದು ನಮ್ಮವ್ವನ ರೂಢಿ; ಹೊದ್ದವರ ಹೊಟ್ಟೆ ತಣ್ಣಗಿರಲಿ ಎಂದು. ಆ ಅಕ್ಕಿ ಇಡುವ ಕೆಲಸವನ್ನು ಕಾಕಾ ತಮ್ಮದು ಮಾಡಿಕೊಂಡಿದ್ದರು. ಎಣಿಸಿ ನಾಲ್ಕೇ ಇಡುವರು. ಐದು ಇಟ್ಟರೆ ಏನಾಗುತ್ತದೆ ಎಂದು ಒಮ್ಮೆ ಕೆಣಕಿದ್ದಕ್ಕೆ "ನಿಮ್ಮವ್ವನ ಆರ್ಡರ್ ನಾಲ್ಕಕ್ಕೆ ಇರೋದು" ಎಂದರು.

ಹೋದ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚಿಯಲ್ಲಿ ಕಣ್ಣು ಮುಚ್ಚಿದವರು ಏಳಲಿಲ್ಲ. ನಾನು ಹೊಲಿಯುತ್ತ ಎದುರಿಗೇ ಕೂತಿದ್ದೆ. ನಿದ್ದೆ ಹೋಗಿದ್ದಾರೆಂದು ಕಾಲಿನ ಮೇಲೆ ಕೌದಿ ಹೊದಿಸಿದೆ. ಚಹಾ ಮಾಡಿ ತಂದು ಕರೆದಾಗಲೇ ಗೊತ್ತಾದದ್ದು.

ಹದಿಮೂರು ದಿನ ಕಳೆದ ಮೇಲೆ ನಾನು ಗಂಟು ಕಟ್ಟಲು ಹೋದೆ. ಮನೆ ಈಗ ಅವರ ಮಗಳದು. ನನಗೆ ಅಲ್ಲಿರಲು ಯಾವ ಹಕ್ಕೂ ಇರಲಿಲ್ಲ. ಅವಳು ಬೀರುವಿನಿಂದ ಫೈಲು ತಂದು ನನ್ನ ಕೈಗಿಟ್ಟಳು. ಅದರ ಕೊನೆಯ ಪುಟದಲ್ಲಿ ಅವಳದೇ ಕೈಬರಹದ ಒಪ್ಪಿಗೆ ಪತ್ರವಿತ್ತು, ತಾರೀಖಿನ ಜಾಗ ಮಾತ್ರ ಖಾಲಿ.

"ಪಪ್ಪಾ ಹೋದ ವರ್ಷಾನೇ ಬರೆಸಿದ್ರು ಆಂಟಿ. ನಾನು ಹೋದ್ಮೇಲೆ ಡೇಟ್ ಹಾಕು ಅಂದ್ರು. ರೂಮ್ ತುಮ್ಹಾರಾ ನಹೀಂ, ಆಂಟೀ ಕಾ ಹೈ ಅಂದ್ರು." ಕೋಣೆ ನಿನ್ನದಲ್ಲ, ಆಂಟಿಯದು. ಪೆನ್ನು ತೆಗೆದು ಅಂದಿನ ತಾರೀಖು ಹಾಕಿದಳು.

ಕರೆಂಟ್ ಬಿಲ್ಲು ಅವಳ ಹೆಸರಿಗೆ ಬದಲಾಯಿತು. ಹೊಸ ಪತ್ರ ಏರಿಸಿದ ಮೇಲೆ ಸ್ಥಳ ನೋಡಲು ಮತ್ತೆ ಬರುತ್ತೇವೆಂದು ಫೋನು ಬಂತು. ಈ ಸಲ ಬೇರೆ ಇನ್ಸ್‌ಪೆಕ್ಟರು. ಆ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳು ಗ್ರೇಟರ್ ನೋಯ್ಡಾದಿಂದ ಬಂದು, ದುಪಟ್ಟಾ ಸೊಂಟಕ್ಕೆ ಕಟ್ಟಿ, ಕೈಯಲ್ಲಿ ಪೊರಕೆ ಹಿಡಿದಿದ್ದಳು.

"ಆಂಟಿ, ಜಲ್ದೀ ಸಾಫ್ ಮಾಡ್ಬಿಡ್ತೀನಿ. ಸಾಬ್ ಬರ್ತಾರೆ ನಾ? ಎಲ್ಲಾ ಎಷ್ಟು ಗಂದಾ ಆಗಿದೆ ನೋಡಿ."

ನೆಲದ ತುಂಬ ಚಿಂದಿ. ಕುರ್ಚಿಯ ಕೆಳಗೆ ಕಾಕಾ ವಿಂಗಡಿಸುತ್ತಿದ್ದ ನೀಲಿ ತುಂಡುಗಳು ಅವತ್ತು ಬಿಟ್ಟ ಹಾಗೇ ಇದ್ದವು, ಅರ್ಧ ಕಟ್ಟಿದ ಗಂಟು, ಅಂಟಿಸದೆ ಉಳಿದ ಚೀಟಿ. ನಾನು ಅವಳ ಕೈಯಿಂದ ಪೊರಕೆ ತೆಗೆದುಕೊಂಡೆ.

"ಬ್ಯಾಡ ಮಗಳ. ನಿಮ್ಮಪ್ಪಾರು ಬೈತಾರ."

ಇನ್ಸ್‌ಪೆಕ್ಟರು ಬಂದರು, ನಿಂತೇ ನೋಡಿದರು, ಫೋಟೋ ತೆಗೆದುಕೊಂಡು ಹೋದರು. ಅವರು ಹೋದ ಮೇಲೆ ನಾನು ಫೈಲು ಬಿಚ್ಚಿ ಹಸಿರು ಹಾಳೆಯಲ್ಲಿ ಕಾಕಾನ ಕೊನೆಯ ಸಹಿಯ ಕೆಳಗೆ ಬರೆದೆ: "ಈ ದಿನ ತಪಾಸಣೆಗೆ ಬಂದಿದ್ದರು. ಗುಡಿಸಿರಲಿಲ್ಲ." ನನ್ನ ಸಹಿ ಹಾಕಿದೆ. ಇಬ್ಬರು ಹಾಕಿದರೇನೇ ಅದು ನೋಟು ಎಂದು ಹೇಳಿ, ಪೆನ್ನನ್ನು ಅವರ ಮಗಳ ಕಡೆ ಚಾಚಿದೆ.